19 ಗಾಡಿ, ಒಂದು ಚೀತಾ

ಬಸ್ಸಲ್ಲಿದ್ದೀರೋ, ಅಡುಗೆ ಮಾಡ್ತಾ ಕೇಳ್ತಿದ್ದೀರೋ ಗೊತ್ತಿಲ್ಲ, ಇವತ್ತು ನಿಮ್ಮನ್ನ ಕೀನ್ಯಾದ ಮಸಾಯಿ ಮಾರಾಗೆ ಕರ್ಕೊಂಡು ಹೋಗ್ತೀನಿ. ಆದ್ರೆ ಇದು ಸಫಾರಿ ಟಿಪ್ಸ್ ಎಪಿಸೋಡ್ ಅಲ್ಲ. ಅಲ್ಲಿ ನಾನು ಮಾಡಿದ ಒಂದು ತಪ್ಪಿನ ಕಥೆ.

ಮೊದಲು ಜಾಗ ಹೇಗಿದೆ ಅಂತ ಹೇಳ್ತೀನಿ. ಮಸಾಯಿ ಮಾರಾ ಸುಮಾರು 1,500 ಚದರ ಕಿಲೋಮೀಟರ್‌ನ ಹುಲ್ಲುಗಾವಲು. ದಕ್ಷಿಣಕ್ಕೆ ಗಡಿ ದಾಟಿದ್ರೆ ತಾಂಜಾನಿಯಾದ ಸೆರೆಂಗೆಟಿ, ಅದು ಇದರ ಹತ್ತು ಪಟ್ಟು ಹತ್ತಿರ ದೊಡ್ಡದು. ಮಧ್ಯೆ ಬೇಲಿ ಇಲ್ಲ. ಹತ್ತು ಲಕ್ಷಕ್ಕೂ ಹೆಚ್ಚು ವೈಲ್ಡ್‌ಬೀಸ್ಟ್‌ಗಳು ಮಳೆ ಬಿದ್ದ ಕಡೆ ಹೊಸ ಹುಲ್ಲು ಹುಡುಕ್ಕೊಂಡು ವರ್ಷಪೂರ್ತಿ ಸುತ್ತುತ್ತಾ ಇರುತ್ತವೆ. ಜುಲೈಯಿಂದ ಅಕ್ಟೋಬರ್ ತನಕ ಅವು ಮಾರಾ ಕಡೆ ಬರ್ತವೆ. ಮೊಸಳೆ ಇರೋ ನದಿಗೆ ಹಿಂಡುಹಿಂಡಾಗಿ ಧುಮುಕೋ ರೀಲ್ಸ್ ನೋಡಿರ್ತೀರಲ್ಲ, ಅದು ಇದೇ ಸೀಸನ್.

ನಮ್ಮ ನಾಗರಹೊಳೆಯಲ್ಲಿ ಪೊದೆ ಹಿಂದೆ ಒಂದು ಬಾಲ ಕಂಡ್ರೂ ಪುಣ್ಯ ಅಂದ್ಕೊಳ್ತೀವಿ. ಮಾರಾದಲ್ಲಿ ಹಾಗಲ್ಲ, ಬಯಲು. ದೂರದಿಂದಲೇ ಎಲ್ಲ ಕಾಣುತ್ತೆ. ನಮಗೆ ಅದು ಖುಷಿ. ಆದ್ರೆ ನಮ್ಮಿಂದ ತಪ್ಪಿಸ್ಕೊಳ್ಳೋಕೆ ಪ್ರಾಣಿಗೂ ಮರೆ ಇಲ್ಲ, ಅದು ನನಗೆ ಆಮೇಲೆ ಅರ್ಥ ಆಯ್ತು.

ಮೂರು ವರ್ಷ ದುಡ್ಡು ಕೂಡಿಟ್ಟು, ಸೆಪ್ಟೆಂಬರ್‌ನಲ್ಲಿ ಅಕ್ಕ, ಭಾವನ ಜೊತೆ ಹೋಗಿದ್ದೆ. ಎರಡನೇ ದಿನ ಬೆಳಗ್ಗೆ ನಮ್ಮ ಡ್ರೈವರ್ ರೇಡಿಯೋದಲ್ಲಿ ಒಂದು ಪದ ಬಂತು: "ಡೂಮಾ". ಸ್ವಾಹಿಲಿಯಲ್ಲಿ ಚೀತಾ ಅಂತ. ನಮ್ಮ ಚಿರತೆ ಬೇರೆ, ಚೀತಾ ಬೇರೆ. ತೆಳ್ಳಗಿನ ಮೈ, ಕಣ್ಣಿಂದ ಬಾಯಿ ತನಕ ಕಣ್ಣೀರು ಹರಿದಂಗೆ ಕಪ್ಪು ಗೆರೆ. ಕನ್ನಡದಲ್ಲಿ ಹಿಂದೆ ಸಿವಂಗಿ ಅಂತಿದ್ರು.

ನಾವು ಹೋದಾಗ ಅಲ್ಲಿ ಇನ್ನೂ ಎರಡೇ ಗಾಡಿ. ತಾಯಿ ಚೀತಾ ಒಂದು ಹುತ್ತದ ಮೇಲೆ ನಿಂತು ದೂರದ ಗೆಜೆಲ್‌ಗಳನ್ನೇ ನೋಡ್ತಿತ್ತು. ಕೆಳಗೆ ಹುಲ್ಲಲ್ಲಿ ಮೂರು ಮರಿ. ಇಪ್ಪತ್ತು ನಿಮಿಷದಲ್ಲಿ ಗಾಡಿಗಳು ಸೇರ್ತಾ ಹೋದ್ವು. ಅಕ್ಕ ಎಣಿಸಿದ್ಲು, 19. ಒಂದು ಪ್ರಾಣಿ ಹತ್ತಿರ ಐದಕ್ಕಿಂತ ಹೆಚ್ಚು ಗಾಡಿ ನಿಲ್ಲಬಾರದು, 25 ಮೀಟರ್ ದೂರ ಇರಬೇಕು ಅಂತ ಅಲ್ಲಿ ನಿಯಮ ಇದೆ.

ಚೀತಾ ಹುತ್ತದಿಂದ ಇಳೀತು. ತಲೆ ತಗ್ಗಿಸಿ, ಹೆಜ್ಜೆ ಮೇಲೆ ಹೆಜ್ಜೆ ಇಡ್ತಾ ಹೊರಟಿತು. ನನ್ನ ಮುಂದೆ ಬೇರೆ ಗಾಡಿ ಅಡ್ಡ. ನಾನು ಡ್ರೈವರ್‌ಗೆ ಹೇಳಿದೆ, ಸ್ವಲ್ಪ ಮುಂದೆ ತಗೊಳ್ಳಿ. ಅವರು "ಪೋಲೆ ಪೋಲೆ" ಅಂದ್ರು, ನಿಧಾನ ಅಂತ. ನಾನು ಮತ್ತೆ ಹೇಳಿದೆ, ಹೋಗಿ, ಟಿಪ್ ಜಾಸ್ತಿ ಕೊಡ್ತೀನಿ. ಅಕ್ಕ ನನ್ನ ಮುಖ ನೋಡಿದ್ಲು. ಗಾಡಿ ಮುಂದೆ ಹೋಯ್ತು.

ನಾವು ಹೋಗಿ ನಿಂತಿದ್ದು ಚೀತಾಗೂ ಗೆಜೆಲ್‌ಗಳಿಗೂ ನಡುವೆ. ಗೆಜೆಲ್‌ಗಳು ತಲೆ ಎತ್ತಿದ್ವು, ಓಡಿದ್ವು. ತಾಯಿ ಹಾಗೇ ಕೂತ್ಕೊಂಡಿತು. ಹಿಂದೆ ಮರಿಗಳು ಕೂಗೋದು ಕೇಳಿಸ್ತು. ಚೀತಾ ಮರಿ ಹಕ್ಕಿ ಥರ ಚಿಲಿಪಿಲಿ ಅನ್ನುತ್ತೆ, ಗೊತ್ತಾ?

ಆ ವಿಡಿಯೋ ಇನ್ನೂ ನನ್ನ ಫೋನ್‌ನಲ್ಲಿದೆ. ಫ್ರೇಮ್ ಸೂಪರ್. ಎಲ್ಲೂ ಹಾಕಿಲ್ಲ, ಯಾಕಂದ್ರೆ ಅದರಲ್ಲಿ ಟಿಪ್ ಕೊಡ್ತೀನಿ ಅನ್ನೋ ನನ್ನ ದನಿ ಇದೆ.

ಒಂದು ಬೇಟೆ ತಪ್ಪಿದ್ರೆ ಏನಾಯ್ತು ಅನ್ಸಬಹುದು. ಚೀತಾ ಜೋರಾಗಿ ಓಡೋದು ಒಂದು ನಿಮಿಷಕ್ಕೂ ಕಮ್ಮಿ. ಆಮೇಲೆ ಸುಸ್ತು. ಹಿಡಿದ ಬೇಟೆಯನ್ನೂ ಸಿಂಹವೋ ಕತ್ತೆಕಿರುಬವೋ ಬಂದು ಕಿತ್ಕೊಳ್ಳಬಹುದು. ಅವುಗಳಿಂದ ತಪ್ಪಿಸ್ಕೊಳ್ಳೋಕೇ ಅದು ಹೆಚ್ಚಾಗಿ ಹಗಲಲ್ಲಿ ಬೇಟೆಯಾಡೋದು. ನಾವು ಗಾಡಿ ತಗೊಂಡು ಹೋಗೋದೂ ಹಗಲಲ್ಲೇ.

ಮಾರಾದ ಚೀತಾಗಳ ಬಗ್ಗೆ 2018ರಲ್ಲಿ ಒಂದು ಅಧ್ಯಯನ ಪ್ರಕಟ ಆಯ್ತು. ಪ್ರವಾಸಿಗರು ಕಡಿಮೆ ಇರೋ ಕಡೆ ಒಂದು ತಾಯಿ ಒಂದು ಸೂಲಿನಲ್ಲಿ ಸರಾಸರಿ 2.3 ಮರಿಗಳನ್ನ ದೊಡ್ಡದು ಮಾಡುತ್ತೆ. ಪ್ರವಾಸಿಗರು ಹೆಚ್ಚಿರೋ ಕಡೆ 0.21. ಅಂದ್ರೆ ಐದು ಸೂಲಿಗೆ ಹತ್ತಿರ ಹತ್ತಿರ ಒಂದೇ ಮರಿ. ನಾನು ಬಿಕಾಂ ಓದಿದವನು, ಅಂಕಿ ನೋಡಿ ಅಭ್ಯಾಸ ಇದೆ. ಆದ್ರೆ ಈ ಅಂಕಿ ಓದಿ ಲ್ಯಾಪ್‌ಟಾಪ್ ಮುಚ್ಚಿಟ್ಟೆ.

ತಪ್ಪು ಡ್ರೈವರ್‌ದಾ? ಲೆಕ್ಕ ಹಾಕಿ ನೋಡಿ. ಜುಲೈಯಿಂದ ಡಿಸೆಂಬರ್ ತನಕ ವಿದೇಶಿ ಪ್ರವಾಸಿಗನಿಗೆ ದಿನಕ್ಕೆ 200 ಡಾಲರ್ ಪ್ರವೇಶ ಶುಲ್ಕ, ಹದಿನಾರು ಸಾವಿರ ರೂಪಾಯಿಗೂ ಮೇಲೆ. ಅಷ್ಟು ಕೊಟ್ಟ ಮೇಲೆ ಸೀನ್ ಸಿಗಲೇಬೇಕು ಅಂತ ನಾವು ಹಟ ಹಿಡೀತೀವಿ. ಅವರ ದುಡಿಮೆಯಲ್ಲಿ ಟಿಪ್ ದೊಡ್ಡ ಪಾಲು. ನಾವು ಯಾವುದಕ್ಕೆ ಟಿಪ್ ಕೊಡ್ತೀವೋ ಅದನ್ನೇ ಅವರು ಮಾಡ್ತಾರೆ. ನಿಯಮ ಮುರಿಯೋಕೆ ರೇಟ್ ಕಟ್ಟಿದ್ದು ನಾನು.

ಕೊನೇ ದಿನ ಮೀಸಲು ಪ್ರದೇಶದ ಪಕ್ಕದ ಒಂದು ಕನ್ಸರ್ವೆನ್ಸಿಗೆ ಹೋದ್ವಿ. ಅದು ಮಸಾಯಿ ಕುಟುಂಬಗಳ ಸ್ವಂತ ಜಮೀನು. ಟೂರಿಸ್ಟ್ ಕ್ಯಾಂಪ್‌ಗಳು ಅವರಿಗೆ ಬಾಡಿಗೆ ಕೊಡ್ತವೆ, ಗಾಡಿ ಕಮ್ಮಿ ಬಿಡ್ತವೆ. ಖರ್ಚು ಜಾಸ್ತಿ, ಸುಳ್ಳು ಹೇಳಲ್ಲ. ಅಲ್ಲಿ ಇಂಜಿನ್ ಆಫ್ ಮಾಡಿ ಎರಡು ಗಂಟೆ ಕೂತ್ವಿ. ಚೀತಾ ಬರ್ಲಿಲ್ಲ. ಜೀಬ್ರಾಗಳು ಹುಲ್ಲು ಕಿತ್ತು ತಿನ್ನೋ ಸದ್ದು ಕೇಳಿಸ್ತಿತ್ತು, ಪರ್ ಪರ್ ಅಂತ. ಇಡೀ ಟ್ರಿಪ್ಪಲ್ಲಿ ನನಗೆ ಈಗಲೂ ನೆನಪಿಗೆ ಬರೋದು ಆ ಸದ್ದು.

ನೀವು ಹೋಗೋದಾದ್ರೆ, ಮೊದಲ ದಿನವೇ ಡ್ರೈವರ್‌ಗೆ ಒಂದು ಮಾತು ಹೇಳಿಬಿಡಿ: ಗಾಡಿ ಜಾಸ್ತಿ ಇದ್ರೆ ನಾವು ವಾಪಸ್ ಹೋಗೋಣ, ನಿಮ್ಮ ಟಿಪ್ ಕಮ್ಮಿ ಆಗಲ್ಲ. ಇದಕ್ಕೆ ಎಕ್ಸ್‌ಟ್ರಾ ಖರ್ಚೇನೂ ಇಲ್ಲ.

ಸಫಾರಿಯಲ್ಲಿ ನಿಮಗೂ ಹೀಗೇನಾದ್ರೂ ಆಗಿದ್ರೆ ವಾಯ್ಸ್ ನೋಟ್ ಕಳಿಸಿ. ಟಿಕೆಟ್ ಬುಕ್ ಮಾಡ್ತಿರೋ ಫ್ರೆಂಡ್ ಇದ್ರೆ ಈ ಎಪಿಸೋಡ್ ಅವರಿಗೆ ಫಾರ್ವರ್ಡ್ ಮಾಡಿ. ಮುಂದಿನ ವಾರ ಸಿಗೋಣ.