ಜಿಪಿಎಗೂ ವಿಲ್‌ಗೂ ನಡುವಿನ ದಿನಗಳು



ಒಂದು ಬ್ಯಾಂಕ್ ಶಾಖೆ. ಕೌಂಟರಿನ ಮುಂದೆ ಅರವತ್ತೈದು ದಾಟಿದ ಹೆಣ್ಣುಮಗಳು. ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ. ಅದರಲ್ಲಿ ಪಾಸ್‌ಬುಕ್, ಎಫ್‌ಡಿ ರಸೀದಿ, ಗಂಡ ಎಂದೋ ನೋಂದಾಯಿಸಿಕೊಟ್ಟ ಜಿಪಿಎ, ಅಂದರೆ ಜನರಲ್ ಪವರ್ ಆಫ್ ಅಟಾರ್ನಿ. ಗಂಡನಿಗೆ ಲಕ್ವ ಹೊಡೆದು ಮೂರು ವಾರ. ಕಣ್ಣು ಬಿಡುತ್ತಾರೆ, ಯಾರ ಗುರುತೂ ಇಲ್ಲ. ‘ಯಜಮಾನರು ಹೇಗಿದ್ದಾರಮ್ಮ?’ ಎನ್ನುತ್ತಾರೆ ಮ್ಯಾನೇಜರು. ಆಕೆ ಇದ್ದದ್ದು ಇದ್ದ ಹಾಗೆ ಹೇಳಿದರೆ ಆ ಉತ್ತರಕ್ಕೇ ಜಿಪಿಎ ಬಿದ್ದುಹೋಗುತ್ತದೆ.

ದೃಶ್ಯ ಕಲ್ಪನೆಯದು, ಕಾನೂನು ಕಲ್ಪನೆಯದಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 201ನೇ ಕಲಂ ಪ್ರಕಾರ, ಅಧಿಕಾರ ಕೊಟ್ಟವರು ಸತ್ತರಷ್ಟೇ ಅಲ್ಲ, ಅವರ ಚಿತ್ತಸ್ವಾಸ್ಥ್ಯ ತಪ್ಪಿದರೂ ಏಜೆನ್ಸಿ ಮುಗಿಯುತ್ತದೆ. ವಿಲ್ ಬಾಯಿ ಬಿಡುವುದು ಸಾವಿನ ನಂತರ. ನಾಮಿನಿಯ ಸರದಿಯೂ ಆಗಲೇ. ನಡುವೆ ಉಳಿಯುವ ತಿಂಗಳುಗಳಲ್ಲಿ, ಕೆಲವೊಮ್ಮೆ ವರ್ಷಗಳಲ್ಲಿ, ತೀರ್ಮಾನ ಯಾರದು? ಈ ಸಂಕಿರಣ ಕೂಡಿರುವುದು ಅದಕ್ಕಾಗಿ.

ಮೈ ಸೋತವರನ್ನು ವ್ಯವಸ್ಥೆ ಮರೆತಿಲ್ಲ. ಸಹಿ ಹಾಕಲಾಗದ ರೋಗಿ ಹೆಬ್ಬೆಟ್ಟು ಒತ್ತಬಹುದು, ಕಾಲ್ಬೆರಳಿನ ಗುರುತೂ ನಡೆಯುತ್ತದೆ, ಇಬ್ಬರು ಸಾಕ್ಷಿಗಳಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿಯಾಗಿರಬೇಕು ಎನ್ನುತ್ತದೆ ರಿಸರ್ವ್ ಬ್ಯಾಂಕಿನ ಸೂಚನೆ. ಒತ್ತುವ ಬೆರಳಿದ್ದೂ ಒಪ್ಪುವ ಬುದ್ಧಿ ಇಲ್ಲದಾಗ ಅದು ಉಪಯೋಗಕ್ಕೆ ಬಾರದು. 1987ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ, ಮನೋರೋಗಿಯ ಆಸ್ತಿ ನೋಡಿಕೊಳ್ಳಲು ಜಿಲ್ಲಾ ನ್ಯಾಯಾಲಯ ವ್ಯವಸ್ಥಾಪಕರನ್ನು ನೇಮಿಸುವ ದಾರಿಯಿತ್ತು. ಅದರ ಜಾಗಕ್ಕೆ ಬಂದ 2017ರ ಕಾಯ್ದೆ ಆ ಅಧ್ಯಾಯವನ್ನೇ ಕೈಬಿಟ್ಟಿತು. ಕೋಮಾಕ್ಕೆ ಜಾರಿದವರಿಗೆ ಪಾಲಕರನ್ನು ನೇಮಿಸುವ ಸ್ಪಷ್ಟ ಕಾಯ್ದೆ ಇಲ್ಲವೆಂದು ಕೇರಳ ಹೈಕೋರ್ಟ್ 2019ರಲ್ಲಿ ತಾನೇ ಮಾರ್ಗಸೂಚಿ ಬರೆಯಬೇಕಾಯಿತು. ಎಫ್‌ಡಿ ಮುರಿಸಲು ಹೈಕೋರ್ಟಿಗೆ ರಿಟ್ ಅರ್ಜಿ!

ಚಿಕಿತ್ಸೆಯ ವಿಷಯದಲ್ಲಿ ದಾರಿ ಸ್ವಲ್ಪ ತೆರೆದಿದೆ. ಮುಂಬೈನ ಕೆಇಎಂ ಆಸ್ಪತ್ರೆಯ ದಾದಿ ಅರುಣಾ ಶಾನಭಾಗ್ 1973ರಲ್ಲಿ ಹಲ್ಲೆಗೊಳಗಾಗಿ, 2015ರಲ್ಲಿ ಸಾಯುವವರೆಗೂ ಹಾಸಿಗೆಯಲ್ಲೇ ಇದ್ದರು. ಅವರ ಪರವಾಗಿ ಮಾತಾಡಬೇಕಾದವರು ಯಾರು ಎಂಬುದೇ 2011ರಲ್ಲಿ ಸುಪ್ರೀಂ ಕೋರ್ಟಿನ ಮುಂದಿದ್ದ ದೊಡ್ಡ ತೊಡಕು. ದಯಾಮರಣ ಕೋರಿ ಅರ್ಜಿ ಹಾಕಿದ ಪತ್ರಕರ್ತೆಯಲ್ಲ, ಅಷ್ಟು ವರ್ಷ ಆರೈಕೆ ಮಾಡಿದ ಆಸ್ಪತ್ರೆಯ ಸಿಬ್ಬಂದಿ ಎಂದಿತು ಪೀಠ.

2018ರ ಮಾರ್ಚ್ 9ರಂದು ‘ಕಾಮನ್ ಕಾಸ್’ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಆ ಆಯ್ಕೆಯನ್ನು ರೋಗಿಯ ಕೈಗೇ ಕೊಟ್ಟಿತು. ಗುಣವಾಗುವ ಆಸೆಯಿಲ್ಲದಾಗ ಯಾವ ಚಿಕಿತ್ಸೆ ಬೇಡ, ತನ್ನ ಪರವಾಗಿ ಯಾರು ಹೇಳಬೇಕು ಎಂದು ಬುದ್ಧಿ ನೆಟ್ಟಗಿರುವಾಗಲೇ ಬರೆದಿಡಬಹುದು. ಆದರೆ ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು. ಕೋರ್ಟಿನ ಮೆಟ್ಟಿಲು ಹತ್ತುವವರು ಎಷ್ಟು ಮಂದಿ? 2023ರ ಜನವರಿ 24ರ ಆದೇಶ ಅದನ್ನು ಸಡಿಲಿಸಿತು: ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು. ಒಬ್ಬರಿಗಿಂತ ಹೆಚ್ಚು ಜನರನ್ನು ಹೆಸರಿಸಲೂಬಹುದು. ಹಾಗೆಂದು ಹೆಸರಿಸಿದವರು ಹೇಳಿದಾಕ್ಷಣ ವೆಂಟಿಲೇಟರ್ ತೆಗೆಯುವುದಿಲ್ಲ. ಎರಡು ವೈದ್ಯಕೀಯ ಮಂಡಳಿಗಳು ಒಪ್ಪಬೇಕು. 2025ರ ಜನವರಿ 30ರಂದು ಕರ್ನಾಟಕ ಸರ್ಕಾರ ಸುತ್ತೋಲೆ ಹೊರಡಿಸಿ ಇದನ್ನು ಆಸ್ಪತ್ರೆಗಳಿಗೆ ತಲುಪಿಸಿತು. ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮನವರಂಥವರು ವರ್ಷಗಟ್ಟಲೆ ಕೇಳುತ್ತ ಬಂದ ಹಕ್ಕಿದು.

ಮನೋರೋಗದ ಚಿಕಿತ್ಸೆಗೆ 2017ರ ಕಾಯ್ದೆಯ 14ನೇ ಕಲಂ ನಾಮನಿರ್ದೇಶಿತ ಪ್ರತಿನಿಧಿಯನ್ನು ಕೊಡುತ್ತದೆ. ಆ ಪ್ರತಿನಿಧಿಗೂ ಬ್ಯಾಂಕಿನ ಕೌಂಟರು ಮುಚ್ಚಿದ್ದೇ.

ಇಂಗ್ಲೆಂಡಿನವರು 2005ರ ಕಾಯ್ದೆಯಲ್ಲಿ ‘ಲಾಸ್ಟಿಂಗ್ ಪವರ್ ಆಫ್ ಅಟಾರ್ನಿ’ ತಂದರು. ಹಣಕ್ಕೊಂದು, ಆರೋಗ್ಯಕ್ಕೊಂದು, ಬುದ್ಧಿ ಹೋದ ಮೇಲೂ ಎರಡೂ ಊರ್ಜಿತ. ಅಧಿಕಾರ ಪಡೆದವರು ಹಣ ನುಂಗಿದ ಪ್ರಕರಣಗಳೂ ಅಲ್ಲಿವೆ, ಹಾಗಾಗಿ ನೋಂದಣಿ ಕಚೇರಿಗೆ ನಿಗಾದ ಹೊಣೆಯೂ ಇದೆ. ತಪ್ಪು ನಿರ್ಧಾರ ಮಾಡಿದ ಮಾತ್ರಕ್ಕೆ ಯಾರನ್ನೂ ಅಸಮರ್ಥರೆನ್ನಬಾರದು ಎಂದು ಅದೇ ಕಾಯ್ದೆ ಸೇರಿಸಿದೆ. ಅಪ್ಪ ಮಗನ ಮಾತು ಕೇಳದೆ ಸೈಟು ಮಾರಿದರೆ ‘ಅರಳು ಮರಳು’ ಎಂದುಬಿಡುವ ನಮ್ಮ ಮನೆಗಳಿಗೆ ಈ ಎಚ್ಚರ ಮೊದಲು ಬೇಕು.

ಹಾಗಾಗಿ ಗೋಷ್ಠಿಗಳ ಮುಂದೆ ಮೂರು ಪ್ರಶ್ನೆಗಳು. 201ನೇ ಕಲಂಗೆ ತಿದ್ದುಪಡಿಯೋ, ಹೊಸ ಕಾಯ್ದೆಯೋ? ಬುದ್ಧಿ ತಪ್ಪಿದೆ ಎಂದು ಬರೆದುಕೊಡುವ ವೈದ್ಯರು ಯಾರು, ಎಷ್ಟು ಮಂದಿ? ಅಧಿಕಾರ ಪಡೆದ ಮಗನ ಲೆಕ್ಕ ನೋಡುವವರು ಯಾರು? ಮಧ್ಯಾಹ್ನದ ಗೋಷ್ಠಿಯಲ್ಲಿ ಬ್ಯಾಂಕ್ ಅಧಿಕಾರಿಗಳಿರುತ್ತಾರೆ. ಪ್ಲಾಸ್ಟಿಕ್ ಚೀಲ ಹಿಡಿದು ನಿಂತ ಆ ಹೆಣ್ಣುಮಗಳಿಗೆ ಇವತ್ತು ಯಾವ ಫಾರಂ ಕೊಟ್ಟು ಕಳಿಸುತ್ತೀರಿ ಎಂದು ಅವರನ್ನು ಮೊದಲು ಕೇಳೋಣ.