ಕಾಲೇಜು ಓದಿಗೆ ನೆರವು: ತಿಳಿಯೋಣ, ಪಡೆಯೋಣ



ಪಿಯುಸಿ ಫಲಿತಾಂಶ ಬಂದ ಮರುದಿನವೇ ನಮ್ಮ ಮನೆಗಳಲ್ಲಿ ‘ಫೀಸಿಗೆ ಏನು ಮಾಡುವುದು?’ ಎಂಬ ಮಾತು ಶುರುವಾಗುತ್ತದೆ. ಉತ್ತರ ಸಿಗದಿದ್ದರೆ ಮಗ ಗ್ಯಾರೇಜಿಗೆ ಹೋಗುತ್ತಾನೆ, ಮಗಳ ಓದು ಅಲ್ಲಿಗೇ ನಿಲ್ಲುತ್ತದೆ. ನೆರವು ಇದ್ದೂ ತಿಳಿಯದೆ ಓದು ನಿಂತರೆ ಅದು ಇಡೀ ಸಮಾಜದ ನಷ್ಟ.

ನೆರವಿನಲ್ಲಿ ಮುಖ್ಯವಾಗಿ ಎರಡು ಬಗೆ. ವಿದ್ಯಾರ್ಥಿವೇತನವನ್ನು ಮರಳಿಸಬೇಕಿಲ್ಲ. ಸಾಲವನ್ನು ಮರಳಿಸಲೇಬೇಕು. ಆದ್ದರಿಂದ ಮೊದಲು ವಿದ್ಯಾರ್ಥಿವೇತನಕ್ಕೆ ಪ್ರಯತ್ನಿಸಿ, ಉಳಿದ ಕೊರತೆಗೆ ಮಾತ್ರ ಸಾಲದ ಯೋಚನೆ ಮಾಡಿ.

ಯೋಜನೆಗಳು ಬದಲಾಗುತ್ತವೆ. 2006ರ ಸಾಚಾರ್ ಸಮಿತಿ ವರದಿಯ ನಂತರ ಕೇಂದ್ರ ಸರ್ಕಾರ ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗಾಗಿ ಹಲವು ಯೋಜನೆಗಳನ್ನು ತಂದಿತು. ಅವುಗಳಲ್ಲಿ ಸಂಶೋಧಕರಿಗೆ ನೆರವಾಗುತ್ತಿದ್ದ ಮೌಲಾನಾ ಆಜಾದ್ ಫೆಲೋಶಿಪ್ 2022ರಲ್ಲಿ ನಿಂತಿತು. ಅಣ್ಣನಿಗೆ ಸಿಕ್ಕದ್ದು ತಮ್ಮನಿಗೂ ಸಿಗುತ್ತದೆಂದು ನಂಬಿ ಕೂರಬೇಡಿ. ಪ್ರತಿ ವರ್ಷ ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ.

ರಾಜ್ಯದ ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಅದಕ್ಕೆ ಮುಂಚೆಯೇ ನಾಡಕಚೇರಿಯಿಂದ ಆದಾಯ ಮತ್ತು ಜಾತಿ ಪ್ರಮಾಣಪತ್ರ ಪಡೆದಿಡಿ. ನಮ್ಮ ಮಕ್ಕಳಿಗೆ ಹೆಸರಿನ ತೊಡಕು ಹೆಚ್ಚು. ಅಂಕಪಟ್ಟಿಯಲ್ಲಿ ‘ಮೊಹಮ್ಮದ್’, ಆಧಾರ್‌ನಲ್ಲಿ ‘ಮಹಮ್ಮದ್’, ಪಾಸ್‌ಬುಕ್ಕಿನಲ್ಲಿ ಬರೀ ‘ಎಂ.ಡಿ.’ ಎಂದಿದ್ದರೆ ಅರ್ಜಿ ಅಲ್ಲೇ ಸಿಕ್ಕಿಬೀಳಬಹುದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಂತೆ ಉಳಿದವನ್ನು ರಜೆಯಲ್ಲೇ ಸರಿಪಡಿಸಿಕೊಳ್ಳಿ. ಹಣ ಬರುವುದು ಆಧಾರ್ ಜೋಡಿಸಿದ ಖಾತೆಗೆ. ಎರಡು ಮೂರು ಖಾತೆಗಳಿದ್ದರೆ ಯಾವುದಕ್ಕೆ ಜೋಡಣೆಯಾಗಿದೆ ಎಂದು ಬ್ಯಾಂಕಿನಲ್ಲಿ ಕೇಳಿ ತಿಳಿಯಿರಿ. ಕಾಲೇಜಿನವರು ನಿಮ್ಮ ದಾಖಲೆ ಪರಿಶೀಲಿಸಿದ್ದಾರೆಯೇ ಎಂದೂ ನೋಡಿ. ಅರ್ಜಿ ಹಾಕಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ.

ಇನ್ನು ಸಾಲ. ಸಿಇಟಿ, ನೀಟ್ ಮೂಲಕ ವೃತ್ತಿಪರ ಕೋರ್ಸ್ ಸೇರುವವರಿಗೆ ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಸಾಲವಿದೆ. ಇದಕ್ಕೆ ಶೇ. 2ರ ಸೇವಾ ಶುಲ್ಕವಿದೆ. ಕೋರ್ಸ್ ಮುಗಿದ ಮೇಲೆ ಕಂತುಗಳಲ್ಲಿ ಮರಳಿಸಬೇಕು. ನೀವು ಕಟ್ಟುವ ಕಂತು ಮುಂದಿನ ವಿದ್ಯಾರ್ಥಿಯ ಫೀಸು ಎಂಬುದು ನೆನಪಿರಲಿ. ಬ್ಯಾಂಕುಗಳು ಸಾಮಾನ್ಯವಾಗಿ 4 ಲಕ್ಷ ರೂಪಾಯಿವರೆಗೆ ಆಸ್ತಿಯ ಅಡಮಾನವಿಲ್ಲದೆ ಶಿಕ್ಷಣ ಸಾಲ ಕೊಡುತ್ತವೆ. ಬಡ್ಡಿಯ ಬಗ್ಗೆ ಮನಸ್ಸಿನಲ್ಲಿ ಅಳುಕಿರುವವರು ತಾವು ನಂಬುವ ಆಲಿಮರನ್ನು ಕೇಳಲಿ. ಆದರೆ ವಿಚಾರಿಸದೆಯೇ ಮಕ್ಕಳ ಓದು ಬಿಡಿಸಬೇಡಿ.

ಕೊನೆಯದಾಗಿ ಸಂಸ್ಥೆಯ ಸದಸ್ಯರಲ್ಲಿ ಒಂದು ವಿನಂತಿ. ಫೀಸು ಕಟ್ಟುವುದು ಪ್ರವೇಶದ ದಿನ, ವಿದ್ಯಾರ್ಥಿವೇತನ ಬರುವುದು ಎಷ್ಟೋ ತಿಂಗಳ ನಂತರ. ಈ ನಡುವಿನ ಅವಧಿಯಲ್ಲೇ ಅನೇಕ ಮಕ್ಕಳು ಕೈಚೆಲ್ಲುತ್ತಾರೆ. ಅಂಥವರಿಗಾಗಿ ಬಡ್ಡಿಯಿಲ್ಲದ ಕರ್ಜೆ ಹಸನಾ ನಿಧಿಯೊಂದನ್ನು ತೆರೆಯೋಣ. ವಿದ್ಯಾರ್ಥಿವೇತನ ಬಂದೊಡನೆ ವಿದ್ಯಾರ್ಥಿ ಮರಳಿಸಲಿ, ಅದೇ ಹಣ ಇನ್ನೊಬ್ಬರ ಕೈ ಸೇರಲಿ. ಮಸೀದಿಯಲ್ಲಿ ಜುಮಾ ನಮಾಜಿನ ನಂತರ ಅರ್ಜಿಯ ಕೊನೆಯ ದಿನಾಂಕವನ್ನು ತಿಳಿಸುವ ವ್ಯವಸ್ಥೆಯೂ ಆಗಲಿ.

ಅಲ್ಲಾಹನು ನಮ್ಮೆಲ್ಲರ ಪ್ರಯತ್ನಕ್ಕೆ ಬರಕತ್ ನೀಡಲಿ.