ಹಿಮನದಿಗೆ ನೆಟ್ಟ ಗೂಟ

ಮುಂಗಾರು ಶುರುವಾಯಿತೆಂದರೆ ಮೈಸೂರಿನವರು ಬೆಳಗಿನ ಪತ್ರಿಕೆಯಲ್ಲಿ ಮೊದಲು ಹುಡುಕುವುದು ಕನ್ನಂಬಾಡಿ ಜಲಾಶಯದ ಮಟ್ಟವನ್ನು. ಗರಿಷ್ಠ 124.80 ಅಡಿ, ಇವತ್ತು ಎಷ್ಟು? ಒಳಹರಿವು ಎಷ್ಟು, ಹೊರಹರಿವು ಎಷ್ಟು? ಧ್ರುವ ಪ್ರದೇಶದ ಹಿಮನದಿಗೂ ಹೀಗೇ ಜಮಾಖರ್ಚು ಬರೆಯುತ್ತಾರೆ. ಚಳಿಗಾಲದಲ್ಲಿ ಬಿದ್ದ ಹಿಮ ಜಮಾ, ಬೇಸಿಗೆಯಲ್ಲಿ ಕರಗಿದ್ದು ಖರ್ಚು. ಆದರೆ ಜಲಾಶಯದ ನೀರು ಎಲ್ಲೆಡೆ ಒಂದೇ ಮಟ್ಟದಲ್ಲಿ ನಿಲ್ಲುವುದರಿಂದ ಒಂದು ಅಳತೆಪಟ್ಟಿ ಇದ್ದರೆ ಸಾಕು. ಹಿಮನದಿ ಹಾಗಲ್ಲ. ಅದರ ತುದಿ ಕರಗಿ ಸುರಿಯುತ್ತಿರುವಾಗಲೇ ನೆತ್ತಿಯ ಮೇಲೆ ಹೊಸ ಹಿಮ ಬೀಳುತ್ತಿರಬಹುದು. ಹಾಗಾಗಿ ಬುಡದಿಂದ ತಲೆಯವರೆಗೆ ಅಲ್ಲಲ್ಲಿ ಗೂಟ ನೆಡಬೇಕು.

ಉತ್ತರ ಧ್ರುವದಿಂದ ಸುಮಾರು 1,200 ಕಿಲೋಮೀಟರ್ ದೂರದಲ್ಲಿ, ನಾರ್ವೆಗೆ ಸೇರಿದ ಸ್ವಾಲ್‌ಬಾರ್ಡ್ ದ್ವೀಪಗಳಲ್ಲಿ ನಿ-ಓಲೆಸುಂಡ್ ಎಂಬ ಪುಟ್ಟ ವಸತಿ ಇದೆ. ನಮ್ಮ ದೇಶದ ‘ಹಿಮಾದ್ರಿ’ ಸಂಶೋಧನಾ ಕೇಂದ್ರ 2008ರ ಜುಲೈ 1ರಂದು ಶುರುವಾದದ್ದು ಅಲ್ಲೇ. ಅದರ ಸುತ್ತಲಿನ ಹಿಮನದಿಗಳಲ್ಲಿ ನಾರ್ವೆಯವರು 1960ರ ದಶಕದಿಂದಲೂ ಈ ಲೆಕ್ಕ ಬಿಡದೆ ಇಟ್ಟುಕೊಂಡು ಬಂದಿದ್ದಾರೆ. ಗೋವಾದಲ್ಲಿರುವ ನಮ್ಮ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರದ ವಿಜ್ಞಾನಿಗಳೂ ಪಕ್ಕದ ವೆಸ್ತ್ರೆ ಬ್ರೋಗರ್‌ಬ್ರೇನ್ ಹಿಮನದಿಯ ಮೇಲೆ ಗೂಟ ನೆಟ್ಟು ಅಳೆದಿದ್ದಾರೆ.

ಗೂಟ ನೆಡುವುದೂ ಒಂದು ಕಸುಬೇ. ಸಣ್ಣ ಬಾಯ್ಲರಿನ ಹಬೆಯನ್ನು ಕೊಳವೆಯಲ್ಲಿ ಇಳಿಬಿಟ್ಟರೆ ಮಂಜುಗಡ್ಡೆ ಕರಗಿ, ಹಲವು ಮೀಟರ್ ಆಳದ ಕಿರಿದಾದ ತೂತು ಬೀಳುತ್ತದೆ. ಅದರೊಳಗೆ ಉದ್ದನೆಯ ಗಳುವನ್ನು ಇಳಿಸಿ, ಮೇಲೆ ಎಷ್ಟು ಉಳಿಯಿತೆಂದು ಬರೆದುಕೊಳ್ಳುತ್ತಾರೆ. ಲೋಹದ ಗಳುವಾದರೆ ಒಂದು ಫಜೀತಿ ಇದೆ. ಬಿಸಿಲಿಗೆ ಕಾದು, ತನ್ನ ಬುಡದ ಗಡ್ಡೆಯನ್ನು ತಾನೇ ಕರಗಿಸಿಕೊಂಡು ಕೆಳಗಿಳಿದುಬಿಡುತ್ತದೆ. ಆಗ ಕರಗಿದ್ದು ಕಡಿಮೆ ಎಂದು ಸುಳ್ಳು ಲೆಕ್ಕ ಬರುತ್ತದೆ. ಹಿಮಾಚಲದ ಛೋಟಾ ಶಿಗ್ರಿ ಹಿಮನದಿಯಲ್ಲಿ ಬಳಸುವುದು ಬಿದಿರು. ನನ್ನ ಮತವೂ ಬಿದಿರಿಗೇ: ಅಗ್ಗ, ಹಗುರ, ಬೇಗ ಕಾಯುವುದೂ ಇಲ್ಲ. ಅಳೆಯುವಾಗಲೂ ನಾಜೂಕು ಬೇಕು. ಗೂಟದ ಸುತ್ತ ಗಡ್ಡೆ ಬಟ್ಟಲಿನಂತೆ ತಗ್ಗಾಗಿರುತ್ತದೆ. ಅದಕ್ಕೇ ಒಂದು ಹಲಗೆಯನ್ನು ಅಡ್ಡಲಾಗಿಟ್ಟು, ಅಲ್ಲಿಂದ ಗೂಟದ ತುದಿಯವರೆಗೆ ಅಳೆಯುತ್ತಾರೆ.

ಬೇಸಿಗೆಯ ಆರಂಭಕ್ಕೆ 1 ಮೀಟರ್ ಹೊರಗಿದ್ದ ಗೂಟ ಸೆಪ್ಟೆಂಬರಿನಲ್ಲಿ 2 ಮೀಟರ್ ಹೊರಗಿದೆ ಅನ್ನಿ. ಒಂದು ಮೀಟರ್ ಗಡ್ಡೆ ಹೋಯಿತು. ಗಡ್ಡೆ ನೀರಿಗಿಂತ ಹಗುರವಾದ್ದರಿಂದ ಅದನ್ನು 0.9ರಿಂದ ಗುಣಿಸಬೇಕು, ಸಿಗುವುದು 90 ಸೆಂಟಿಮೀಟರ್ ನೀರು. ಹಿಮದ ಲೆಕ್ಕ ಇಷ್ಟು ಸಲೀಸಲ್ಲ. ಅದರ ತುಂಬ ಗಾಳಿ. ಹಾಗಾಗಿ ಗುಂಡಿ ತೋಡಿ, ಪದರಪದರವಾಗಿ ಕೊಳವೆಯಲ್ಲಿ ತುಂಬಿ ತೂಗಬೇಕು. ಧ್ರುವದ ಹಿಮನದಿಗಳಲ್ಲಿ ಇನ್ನೊಂದು ಮರ್ಮವಿದೆ. ಮೇಲೆ ಕರಗಿದ ನೀರೆಲ್ಲ ಹರಿದು ಹೋಗುವುದಿಲ್ಲ. ಒಳಗಿನ ಹಿಮ ಸೊನ್ನೆ ಡಿಗ್ರಿಗಿಂತ ಎಷ್ಟೋ ತಣ್ಣಗಿರುವುದರಿಂದ ಇಂಗಿದ ನೀರು ಅಲ್ಲೇ ಮತ್ತೆ ಗಡ್ಡೆಗಟ್ಟುತ್ತದೆ. ಹೊರಗಿನ ಮಟ್ಟ ಇಳಿದಿದ್ದರೂ ಆ ನೀರು ಹಿಮನದಿಯ ಖಾತೆಯಲ್ಲೇ ಉಳಿದಿರುತ್ತದೆ. ಬರೀ ಗೂಟವನ್ನು ನಂಬಿದವನು ಇಲ್ಲಿ ನಷ್ಟವನ್ನು ಹೆಚ್ಚಾಗಿ ತೋರಿಸುತ್ತಾನೆ.

ಎಷ್ಟು ಎಂದು ಗೂಟ ಹೇಳೀತು, ಯಾಕೆ ಎಂದು ಹೇಳದು. ಅದಕ್ಕೆ ಪಕ್ಕದಲ್ಲೇ ಹವಾಮಾನ ಕಂಬ ನಿಲ್ಲಿಸಿ, ಬಿದ್ದ ಬಿಸಿಲೆಷ್ಟು, ವಾಪಸಾದದ್ದೆಷ್ಟು ಎಂದು ಅಳೆಯುತ್ತಾರೆ. ಹೊಸ ಹಿಮ ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ನೂರಕ್ಕೆ 80 ಪಾಲಿಗೂ ಮಿಕ್ಕಿ ವಾಪಸು ಎಸೆಯುತ್ತದೆ. ಹಿಮ ಕರಗಿ ಬೂದುಬಣ್ಣದ ಗಡ್ಡೆ ಬಯಲಾದರೆ ಹಾಗೆ ಎಸೆಯುವುದು 30, 40 ಪಾಲಷ್ಟೇ. ಉಳಿದ ಬಿಸಿಲನ್ನೆಲ್ಲ ಅದೇ ನುಂಗಿಕೊಂಡು ಕರಗುತ್ತದೆ. ಜೂನ್ ತಿಂಗಳಲ್ಲಿ ಒಂದು ಒಳ್ಳೆಯ ಹಿಮಪಾತವಾದರೆ ಕರಗುವಿಕೆಗೆ ತಡೆ ಬೀಳುವುದು ಇದರಿಂದಲೇ.

ಇಷ್ಟೆಲ್ಲ ತಾಪತ್ರಯ ಯಾಕೆ, ಉಪಗ್ರಹ ಇಲ್ಲವೇ ಎಂದು ಕೇಳಬಹುದು. ಇವೆ. ಬೆಂಗಳೂರಿನಲ್ಲಿ ಜೋಡಣೆಯಾಗಿ 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹೊರಟ ಇಸ್ರೊ ಮತ್ತು ನಾಸಾದ ‘ನಿಸಾರ್’ 12 ದಿನಕ್ಕೊಮ್ಮೆ ಅದೇ ಜಾಗದ ಮೇಲೆ ಹಾದು, ಗಡ್ಡೆ ಎಷ್ಟು ಸರಿಯಿತೆಂದು ರೇಡಾರಿನಿಂದ ನೋಡುತ್ತದೆ. ಮೇಲ್ಮೈಯ ಎತ್ತರ ಅಳೆಯುವ ಉಪಗ್ರಹಗಳು ಬೇರೆ ಇವೆ. ಆದರೆ ಎತ್ತರ ಇಳಿದದ್ದೂ ಗಡ್ಡೆ ಕರಗಿದ್ದೂ ಒಂದೇ ಅಲ್ಲ. ಮೇಲಿನಿಂದ ನಿಧಾನವಾಗಿ ಹರಿದು ಬರುವ ಗಡ್ಡೆ ಕೆಳಭಾಗವನ್ನು ಒಳಗಿನಿಂದ ಎತ್ತುತ್ತಿರುತ್ತದೆ. ಒಂದು ಕಡೆ 2 ಮೀಟರ್ ಕರಗಿ, ಅದೇ ಹೊತ್ತಿಗೆ ಅರ್ಧ ಮೀಟರ್ ಮೇಲೆದ್ದರೆ ಉಪಗ್ರಹಕ್ಕೆ ಕಾಣುವುದು ಒಂದೂವರೆ ಮೀಟರ್ ಇಳಿತ ಮಾತ್ರ. ಗೂಟವಾದರೋ ಗಡ್ಡೆಯ ಜೊತೆಗೇ ಮೇಲೇಳುತ್ತದೆ, ಹಾಗಾಗಿ ಪೂರ್ತಿ 2 ಮೀಟರನ್ನು ತೋರಿಸುತ್ತದೆ. ಎರಡೂ ಲೆಕ್ಕ ಕೈಯಲ್ಲಿದ್ದರೆ, ಆ ಅರ್ಧ ಮೀಟರ್ ವ್ಯತ್ಯಾಸದಿಂದಲೇ ಮೇಲಿನಿಂದ ಎಷ್ಟು ಗಡ್ಡೆ ಬಂತೆಂಬ ಅಂದಾಜು ಸಿಗುತ್ತದೆ. ಆ ಬರವು ವರ್ಷದಿಂದ ವರ್ಷಕ್ಕೆ ಇಳಿಯುತ್ತಿದ್ದರೆ, ಬೇಸಿಗೆ ಮೊದಲಿನಷ್ಟೇ ಬಿಸಿಯಾಗಿದ್ದರೂ ಹಿಮನದಿಯ ತುದಿ ಹಿಂದೆ ಸರಿಯುತ್ತಲೇ ಹೋಗುತ್ತದೆ.